ಬಾಗಿದ್ದು ಕೊಳವೆ, ಬೈಸಿಕೊಂಡವನು ಹುಡುಗ

ಸಂಘದ ಮಕ್ಕಳಿಗೆ ದುರ್ಬೀನಿನಲ್ಲಿ ಗುರುಗ್ರಹವನ್ನು ತೋರಿಸುವುದಾಗಿ ಕಳೆದ ಸಂಚಿಕೆಯಲ್ಲಿ ಇದೇ ಪುಟದಿಂದ ನಾವು ಡಂಗುರ ಸಾರಿದ್ದು ವಾಚಕರಿಗೆ ನೆನಪಿರಬಹುದು. ಅದೇನಾಯಿತೆಂದು ಡೊಂಬಿವಲಿಯಿಂದಲೂ ಕಲ್ಯಾಣದಿಂದಲೂ ಕೆಲವರು ಕೇಳಿದ್ದಾರೆ. ಆದದ್ದನ್ನು ಆದ ಹಾಗೆ ಹೇಳಿಬಿಡುವುದೇ ಲೇಸು. ಇಪ್ಪತ್ತೆರಡು ಮಕ್ಕಳು, ಅವರ ತಾಯಂದಿರು, ಎರಡು ಡಬ್ಬಿ ಚುರುಮುರಿ, ಒಂದು ಬುಟ್ಟಿ ಮಿರ್ಚಿ ಭಜಿ, ಎಲ್ಲವೂ ಗಚ್ಚಿಗೆ ಬಂದವು. ಗುರುವೊಬ್ಬ ಬರಲಿಲ್ಲ. ಆಕಾಶದಲ್ಲೇನೋ ಇದ್ದ, ಬರಿಗಣ್ಣಿಗೆ ಥಳಥಳನೆ ಹೊಳೆಯುತ್ತಲೂ ಇದ್ದ. ದುರ್ಬೀನಿನೊಳಗೆ ಮಾತ್ರ ಬರಲಿಲ್ಲ.

ನಮ್ಮ ಮುಂಬ್ರಾದ ಗಚ್ಚಿಯನ್ನು ಬಲ್ಲವರು ಬಲ್ಲರು. ಒಂದು ಕಡೆ ದೇವಿಯ ಗುಡ್ಡ, ಇನ್ನೊಂದು ಕಡೆ ಖಾಡಿ, ನಡುವೆ ರೈಲು. ದುರ್ಬೀನು ನಮ್ಮದಲ್ಲ. ಡೊಂಬಿವಲಿಯ ಸ್ನೇಹಿತರೊಬ್ಬರು ಆರು ಅಂಗುಲದ ಕನ್ನಡಿಯನ್ನು ತಿಂಗಳುಗಟ್ಟಲೆ ತಾವೇ ಉಜ್ಜಿ, ನಾಲ್ಕು ಅಡಿ ಉದ್ದದ ಕೊಳವೆಯಲ್ಲಿ ಕೂಡಿಸಿ ಮಾಡಿದ್ದು. ಅದನ್ನು ಲೋಕಲಿನ ಲಗೇಜ್ ಡಬ್ಬಿಯಲ್ಲಿ ಕೂಸಿನಂತೆ ಅಪ್ಪಿಕೊಂಡು ತಂದೆವು. ಸ್ಟೇಷನ್ನಿನಿಂದ ಮನೆಗೆ, ಮನೆಯಿಂದ ನಾಲ್ಕು ಮಾಳಿಗೆ ಮೇಲಕ್ಕೆ ಹೊರಲು ನಮಗೆ ಹೆಗಲು ಕೊಟ್ಟವನು ಒಬ್ಬ ಹದಿಮೂರು ವರ್ಷದ ಹುಡುಗ. ಅವನ ತಂದೆ ಯಾದಗಿರಿಯ ಕಡೆಯವರು, ಕಟ್ಟಡದ ಕೆಲಸಕ್ಕೆಂದು ಹೋದ ವರ್ಷವಷ್ಟೇ ಸಂಸಾರ ಸಮೇತ ಇಲ್ಲಿಗೆ ಬಂದವರು. ಹುಡುಗ ನಮ್ಮ ರವಿವಾರದ ಕನ್ನಡ ವರ್ಗಕ್ಕೆ ತಪ್ಪದೆ ಬರುತ್ತಿದ್ದ. ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ.

ಇಂಥ ದುರ್ಬೀನಿನ ಬೆನ್ನ ಮೇಲೆ ಇನ್ನೊಂದು ಕಿರಿಯ ದುರ್ಬೀನು ಇರುತ್ತದೆ. ಅದಕ್ಕೆ ಫೈಂಡರ್ ಎನ್ನುತ್ತಾರೆ. ದೊಡ್ಡದರಲ್ಲಿ ಕಾಣುವುದು ಆಕಾಶದ ಒಂದು ಚೂರು ಮಾತ್ರ, ಅದರಲ್ಲಿ ಒಂದು ಗ್ರಹವನ್ನು ಹುಡುಕುವುದೆಂದರೆ ದಾದರ್ ಸ್ಟೇಷನ್ನಿನಲ್ಲಿ ಬೀಗರನ್ನು ಹುಡುಕಿದಂತೆ. ಆದುದರಿಂದ ಮೊದಲು ಫೈಂಡರಿನಲ್ಲಿ ಗ್ರಹವನ್ನು ಹಿಡಿದು, ಅದರ ಅಡ್ಡಗೆರೆ ಉದ್ದಗೆರೆ ಕೂಡುವಲ್ಲಿ ನಿಲ್ಲಿಸಿದರೆ, ದೊಡ್ಡ ಕೊಳವೆಯಲ್ಲಿ ಅದು ನಟ್ಟನಡುವೆ ಬಂದಿರುತ್ತದೆ. ಬರಬೇಕಾದರೆ ಎರಡೂ ಒಂದೇ ಕಡೆ ನೋಡುತ್ತಿರಬೇಕು. ಅದನ್ನು ನಾವು ಬೆಳಕಿರುವಾಗಲೇ ದೂರದ ಒಂದು ಮೊಬೈಲ್ ಟವರಿನ ತುದಿಯನ್ನು ಗುರಿಯಾಗಿಟ್ಟುಕೊಂಡು ಅಚ್ಚುಕಟ್ಟಾಗಿ ಹೊಂದಿಸಿದ್ದೆವು. ಕಾರಕೂನರ ಕೆಲಸ, ತಾಳೆ ನೋಡದೆ ಮುಂದೆ ಹೋಗುವವರಲ್ಲ.

ರಾತ್ರಿ ಎಂಟಕ್ಕೆ ಗುರುವನ್ನು ಫೈಂಡರಿನ ಗೆರೆಗಳ ಮೇಲೆ ತಂದೆವು. ದೊಡ್ಡದರಲ್ಲಿ ಕಣ್ಣಿಟ್ಟೆವು. ಕತ್ತಲೆ. ಮತ್ತೆ ತಂದೆವು, ಮತ್ತೆ ಕತ್ತಲೆ. ಹಿಂದೆ ಸರತಿಯ ಸಾಲು, ಅದರೊಳಗೆ ಪಿಸುಮಾತು. “ಏನ್ರೀ, ಮುಚ್ಚಳ ತೆಗೆದಿದ್ದೀರಷ್ಟೆ?” ಎಂದು ನಮ್ಮ ಮನೆಯವರೇ ಎಲ್ಲರಿಗೂ ಕೇಳಿಸುವಂತೆ ವಿಚಾರಿಸಿದರು. ಹತ್ತಿರ ಕೊಳವೆಯ ಪಕ್ಕಕ್ಕೆ ನಿಂತಿದ್ದವನು ಆ ಹುಡುಗ. ನಮ್ಮ ನಾಲಿಗೆ ಅವನ ಕಡೆ ತಿರುಗಿತು. “ಮುಟ್ಟಬೇಡವೆಂದರೆ ಕೇಳುವುದಿಲ್ಲವಲ್ಲ! ಹೊಂದಿಸಿಟ್ಟದ್ದನ್ನೆಲ್ಲ ಅಲುಗಿಸಿಬಿಟ್ಟೆಯಲ್ಲೋ!” ಎಂದೆವು. ಇನ್ನೂ ಒಂದು ಮಾತು ಸೇರಿಸಿದೆವು, ಊರ ಕಡೆಯಿಂದ ಬಂದವರಿಗೆ ಸೂಕ್ಷ್ಮ ವಸ್ತುಗಳ ಬೆಲೆ ತಿಳಿಯದೆಂದು. ನಾವೇನು ಆಕಾಶದಿಂದ ಉದುರಿದವರೇ? ನಮ್ಮ ತಂದೆಯವರೂ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬೋರಿ ಬಂದರಿನಲ್ಲಿ ಇಳಿದವರೇ. ಆ ಹೊತ್ತಿಗೆ ಅದು ನೆನಪಾಗಲಿಲ್ಲ.

“ಕಾಕಾ, ನಾ ಮುಟ್ಟೇ ಇಲ್ರೀ” ಎಂದ ಹುಡುಗ. ಎರಡನೆಯ ಸಲ ಹೇಳಲಿಲ್ಲ. ಕೆಳಗಿಳಿದು ಹೋದ.

ಮುಂದಿನ ರವಿವಾರ ವರ್ಗಕ್ಕೆ ಬರಲಿಲ್ಲ, ಅದರ ಮುಂದಿನ ರವಿವಾರವೂ ಇಲ್ಲ. ಸೋಮವಾರ ರಾತ್ರಿ ಅವನ ತಾಯಿ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. “ಹುಡುಗ ಏನರೆ ಮುರದಾನೇನ್ರಿ? ಎಷ್ಟ್ ಕೊಡಬೇಕು ಹೇಳ್ರಿ” ಎಂದು ಸೆರಗಿನ ಗಂಟಿಗೆ ಕೈ ಹಾಕಿದರು. ಏನೂ ಮುರಿದಿಲ್ಲವೆಂದು ಹೇಳಿ ಕಳಿಸಿದೆವು. ಊಟ ಸೇರಲಿಲ್ಲ.

ನಮ್ಮ ಕೆಳಗಿನ ಮಾಳಿಗೆಯಲ್ಲಿ ಹಿರಿಯರೊಬ್ಬರಿದ್ದಾರೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇಥಿನ ಮುಂದೆ ನಿಂತು, ಈಗ ಮಗನ ಮನೆಯಲ್ಲಿ ವಿಶ್ರಾಂತಿಗೆ ಬಂದವರು. ಮಕ್ಕಳಿಗೆಲ್ಲ ಅವರು ಫಿಟ್ಟರ್ ಅಜ್ಜ. ಗಲಾಟೆಯ ಸುದ್ದಿ ಕೇಳಿ ಒಂದು ಸಂಜೆ ದುರ್ಬೀನನ್ನು ನೋಡಲು ಮೇಲೆ ಬಂದರು. ಎಲ್ಲವನ್ನೂ ಕೇಳಿಕೊಂಡು, “ಆ ಟವರಿಗೆ ಮತ್ತ ಹಚ್ಚ್ರಿ ನೋಡೋಣು” ಎಂದರು. ಹಚ್ಚಿದೆವು. ಕೂದಲೆಳೆಯಷ್ಟು ವ್ಯತ್ಯಾಸ ಬಿಟ್ಟರೆ, ಫೈಂಡರ್ ಮತ್ತು ದೊಡ್ಡ ಕೊಳವೆ ಎರಡೂ ಟವರಿನ ತುದಿಯನ್ನೇ ನೋಡುತ್ತಿದ್ದವು! ಮತ್ತೆ ಕತ್ತಲಾದ ಮೇಲೆ ಮೇಲಕ್ಕೆತ್ತಿ ಗುರುವಿಗೆ ಹಿಡಿದೆವು. ಗುರು ಇಲ್ಲ. ಕೆಳಗಿಳಿಸಿದರೆ ಟವರು ಇದೆ.

“ಹುಡುಗ ಬಡಿದು ಸರಿಸಿದ್ರ ಟವರೂ ತಪ್ಪತಿತ್ತಲ್ರೀ” ಎಂದರು ಅಜ್ಜ. “ಇದು ಎತ್ತಿದಾಗಷ್ಟ ತಪ್ಪತೈತಿ. ಲೇಥಿನ್ಯಾಗ ಉದ್ದನ ಸಳಿ ಹಿಡದ್ರ ನಡುವ ಜೋಲತೈತಿ. ಕಬ್ಬಿಣಾನ ಬಾಗತೈತಿ ಅಂದಮ್ಯಾಲೆ ಈ ಪ್ಲಾಸ್ಟಿಕ್ ತುಂಡು ಏನು ಲೆಕ್ಕ?”

ನಾವು ಬಿ.ಎ. ಓದಿದವರು, ಇತಿಹಾಸ ಮುಖ್ಯ ವಿಷಯ. ಈ ವಾದ ಅರ್ಥವಾಗಲು ವಿಜ್ಞಾನ ಬೇಕಾಗಿರಲಿಲ್ಲ, ಸಾಕ್ಷ್ಯದ ತೂಕ ತಿಳಿದರೆ ಸಾಕಿತ್ತು. ಅದೇ ರಾತ್ರಿ ಹುಡುಗನ ಮನೆಗೆ ಹೋದೆವು. ಅಲ್ಲಿ ನಡೆದ ಮಾತು ಈ ಪುಟಕ್ಕೆ ಬೇಡ. ಕೆಳಗಿನ ಲೆಕ್ಕವೆಲ್ಲ ಆ ಮೇಲೆ ಅವನ ಜತೆಗೆ ಕೂತು ಕಲಿತದ್ದೆಂದು ಮಾತ್ರ ಹೇಳಬೇಕು.

ಒಂದು ಬಿದಿರು ಗಳವನ್ನು ಬುಡದಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿ ನೋಡಿ, ಅದು ಬಾಗುವುದಿಲ್ಲ. ಮೆಲ್ಲಗೆ ಅಡ್ಡ ಮಾಡುತ್ತ ಬನ್ನಿ, ತುದಿ ಜೋಲತೊಡಗುತ್ತದೆ. ಪೂರ್ತಿ ಅಡ್ಡವಾದಾಗ ಜೋಲು ಎಲ್ಲಕ್ಕಿಂತ ಹೆಚ್ಚು. ದುರ್ಬೀನಿನ ಕೊಳವೆ, ಅದರೊಳಗಿನ ಕನ್ನಡಿ, ಅದಕ್ಕೆ ಅಂಟಿಕೊಂಡ ಫೈಂಡರ್, ಪ್ರತಿಯೊಂದೂ ತನ್ನ ಭಾರಕ್ಕೆ ತಾನು ಹೀಗೆಯೇ ಜೋಲುತ್ತದೆ. ಎಲ್ಲವೂ ಒಂದೇ ಸಮ ಜೋತರೆ ಚಿಂತೆಯಿಲ್ಲ. ಫೈಂಡರ್ ಒಂದಿಷ್ಟು, ಕನ್ನಡಿ ಇನ್ನೊಂದಿಷ್ಟು ಜೋತಾಗ, ಕೆಳಗೆ ಹೊಂದಿದ್ದ ಎರಡು ನೋಟಗಳು ಮೇಲೆ ಹೋದಾಗ ಅಗಲುತ್ತವೆ. ಎಷ್ಟು ಜೋತರೆ ಎಷ್ಟು ತಪ್ಪು? ಪಂಚಾಂಗ ನೋಡುವವರಿಗೆ ಅಂಶ, ಕಲೆ, ವಿಕಲೆ ಹೊಸದಲ್ಲ. ಒಂದು ಅಂಶಕ್ಕೆ ೬೦ ಕಲೆ, ಒಂದು ಕಲೆಗೆ ೬೦ ವಿಕಲೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು ೩೦ ಕಲೆ. ಒಂದು ಗೇಣು ಉದ್ದಕ್ಕೂ ಕಡಿಮೆಯ ಫೈಂಡರಿನ ಒಂದು ತುದಿ ಅರ್ಧ ಮಿಲಿಮೀಟರ್ ಕುಗ್ಗಿದರೆ ಸಾಕು, ನೋಟ ೧೧ ಕಲೆಯಷ್ಟು ಸರಿದುಹೋಗುತ್ತದೆ. ಕನ್ನಡಿ ವಾಲಿದರೆ ಇನ್ನೂ ಮೋಸ, ಅದು ವಾಲಿದಷ್ಟರ ಇಮ್ಮಡಿ ಬೆಳಕು ತಿರುಗುತ್ತದೆ. ನಾವು ಅಂದು ಹಾಕಿದ್ದ ಕಣ್ಣುಗಾಜಿನಲ್ಲಿ ಕಾಣುವುದೇ ೨೫ ಕಲೆ ಅಗಲದ ಆಕಾಶ. ಗುರು ನಡುವಿನಿಂದ ಹದಿಮೂರು ಕಲೆ ಸರಿದರೆ ಹೊರಗೆ. ಸ್ನೇಹಿತರು ಕಡಿಮೆ ಹಿಗ್ಗಿಸುವ, ಹೆಚ್ಚು ಆಕಾಶ ತೋರಿಸುವ ಗಾಜೊಂದನ್ನೂ ಕೊಟ್ಟಿದ್ದರು. ಗುರುವನ್ನು ದೊಡ್ಡದಾಗಿ ತೋರಿಸಿ ಭೇಷ್ ಎನ್ನಿಸಿಕೊಳ್ಳುವ ಆಸೆಯಿಂದ ಅದನ್ನು ಡಬ್ಬಿಯಲ್ಲೇ ಬಿಟ್ಟವರು ನಾವು.

ಇದು ನಮ್ಮಂಥ ಅಡ್ಡಕಸುಬಿಗಳ ಗೋಳು ಮಾತ್ರವೆಂದು ತಿಳಿದಿದ್ದೆವು. ಹಾಗಲ್ಲವೆಂದು ತಿಳಿದದ್ದು ಖೋಡದದಲ್ಲಿ. ಫೆಬ್ರವರಿ ೨೮ರ ವಿಜ್ಞಾನ ದಿನಕ್ಕೆ ಅಲ್ಲಿನ ರೇಡಿಯೋ ದೂರದರ್ಶಕಗಳನ್ನು ಸಾರ್ವಜನಿಕರು ನೋಡಬಹುದು. ಹುಡುಗನನ್ನೂ ಅಜ್ಜನನ್ನೂ ಕರೆದುಕೊಂಡು ಕಲ್ಯಾಣದಿಂದ ಎಸ್.ಟಿ. ಬಸ್ಸಿನಲ್ಲಿ ಮುರಬಾಡ, ಮಾಳಶೇಜ ಘಾಟಿನ ದಾರಿ ಹಿಡಿದೆವು.

ಅಂದ ಹಾಗೆ, ಬಸ್ಸು ಹತ್ತಿದ ಆ ಕಲ್ಯಾಣವೇ ಈ ವಿದ್ಯೆಯ ತವರುಮನೆ ಎಂಬುದು ದಿನವೂ ಅಲ್ಲಿ ಗಾಡಿ ಬದಲಿಸುವ ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಗೋವಿಂದ ಸ್ವರೂಪರು ಹೊರದೇಶದಿಂದ ಮರಳಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಸೇರಿದ್ದು ೧೯೬೩ರಲ್ಲಿ. ಸಿಡ್ನಿಯ ಬಳಿ ಪಾಟ್ಸ್ ಹಿಲ್‌ನಲ್ಲಿ ಕೆಲಸ ಮುಗಿಸಿದ್ದ, ಆರು ಅಡಿ ಅಗಲದ ೩೨ ತಟ್ಟೆಗಳನ್ನು ಆಸ್ಟ್ರೇಲಿಯದವರು ದಾನ ಕೊಟ್ಟರು. ಅವನ್ನು ೧೯೬೫ರಲ್ಲಿ ಕಲ್ಯಾಣದ ಬಳಿ ಸಾಲಾಗಿ ನಿಲ್ಲಿಸಿ ಸೂರ್ಯನ ರೇಡಿಯೋ ಅಲೆಗಳನ್ನು ಹಿಡಿದರು. ಆ ತಟ್ಟೆಗಳಿಗೆ ಬಾಗುವ ಕಾಟ ಇರಲಿಲ್ಲ. ಒಂದೊಂದರ ನೋಟ ಹದಿನೈದು ಅಂಶಕ್ಕೂ ಅಗಲ, ಅಷ್ಟು ಅಗಲದಲ್ಲಿ ಒಂದೆರಡು ಕಲೆ ಅತ್ತಿತ್ತ ಆದರೆ ಕೇಳುವವರಾರು? ಕಾಟ ಹುಟ್ಟುವುದು ದೊಡ್ಡದಾದಂತೆ. ಒಂದೇ ಲೋಹದಿಂದ ಒಂದೇ ಮಾದರಿಯಲ್ಲಿ ಎಲ್ಲ ಅಳತೆಯನ್ನೂ ಇಮ್ಮಡಿಸಿ ಕಟ್ಟಿದರೆ, ಅದು ತನ್ನ ಭಾರಕ್ಕೆ ಜೋಲುವುದು ನಾಲ್ಮಡಿ.

ಖೋಡದ ಇರುವುದು ನಾರಾಯಣಗಾವಿನ ಹತ್ತಿರ, ಪುಣೆಯಿಂದ ಸುಮಾರು ೮೦ ಕಿಲೋಮೀಟರ್ ಉತ್ತರಕ್ಕೆ. ದ್ರಾಕ್ಷಿ ತೋಟಗಳ ನಡುವೆ ಒಮ್ಮೆಲೇ ಎದ್ದು ನಿಲ್ಲುತ್ತವೆ, ೪೫ ಮೀಟರ್ ಅಗಲದ ಬೋಗುಣಿಗಳು. ಒಟ್ಟು ಮೂವತ್ತು. ಹದಿನಾಲ್ಕು ನಡುವಿನ ಬಯಲಿನಲ್ಲಿ ಗುಂಪಾಗಿ, ಉಳಿದವು ಮೂರು ತೋಳುಗಳಲ್ಲಿ ಹಳ್ಳಿಗಳಾಚೆ ಹರಡಿಕೊಂಡಿವೆ. ನಮ್ಮ ಕಟ್ಟಡವನ್ನು ಎತ್ತಿ ಆ ಬೋಗುಣಿಯೊಂದರಲ್ಲಿಟ್ಟರೆ ಹಿಡಿಸಿಬಿಡುತ್ತದೆಂದು ಹುಡುಗ ಲೆಕ್ಕ ಹಾಕಿದ. ಸ್ವರೂಪರ ತಂಡ ಇವನ್ನು ದಪ್ಪ ತಗಡಿನಿಂದ ಕಟ್ಟಲಿಲ್ಲ. ತುಕ್ಕು ಹಿಡಿಯದ ಉಕ್ಕಿನ ಹಗ್ಗಗಳನ್ನು ಬಿಗಿದು, ಅವುಗಳ ಮೇಲೆ ಅರ್ಧ ಮಿಲಿಮೀಟರಿನಷ್ಟು ದಪ್ಪದ ತಂತಿಯ ಬಲೆ ಹಾಸಿದರು. ಭಾರ ಕಡಿಮೆ, ಗಾಳಿ ತೂರಿ ಹೋಗುತ್ತದೆ, ಖರ್ಚೂ ಕಡಿಮೆ. ಅಜ್ಜ ಆ ಹಗ್ಗಗಳ ಕೀಲುಗಳನ್ನೇ ನೋಡುತ್ತ ಊಟ ಮರೆತರು.

“ಇದೂ ಬಾಗತದೇನ್ರಿ?” ಎಂದು ಹುಡುಗ, ತೋರಿಸಲು ನಿಂತಿದ್ದ ತರುಣರನ್ನು ಕೇಳಿದ. ಪ್ರಶ್ನೆಯ ಹಿಂದಿನ ಕಥೆ ಅವರಿಗೇನು ಗೊತ್ತು! ಬಾಗದೆ ಏನು, ಎಷ್ಟು ಬಾಗುತ್ತದೆಂದು ಅಳೆಯುವುದೇ ನಮ್ಮ ಒಂದು ಕೆಲಸ, ಎಂದು ಅವರು ನಕ್ಕರು.

ಅಳೆಯುವ ಬಗೆ ಹೀಗೆ. ಆಕಾಶದಲ್ಲಿ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿರುವ ಒಂದು ಪ್ರಬಲ ರೇಡಿಯೋ ಮೂಲದ ಕಡೆಗೆ ಬೋಗುಣಿಯನ್ನು ತಿರುಗಿಸುತ್ತಾರೆ. ಲೆಕ್ಕದ ಪ್ರಕಾರ ಎಲ್ಲಿ ನೋಡಬೇಕೋ ಅದರ ಸ್ವಲ್ಪ ಈಚೆಯಿಂದ ಸ್ವಲ್ಪ ಆಚೆಯವರೆಗೆ ಸರಿಸುತ್ತ, ಸದ್ದು ಎಲ್ಲಿ ಅತಿ ಜೋರಾಗಿದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಲೆಕ್ಕಕ್ಕೂ ಗುರುತಿಗೂ ಇರುವ ಅಂತರವೇ ಆ ಎತ್ತರದಲ್ಲಿ, ಆ ದಿಕ್ಕಿನಲ್ಲಿ ಆಗುವ ತಪ್ಪು. ಹೀಗೆ ಆಕಾಶದ ಅನೇಕ ಕಡೆ ಅಳೆದು ಪಟ್ಟಿ ಮಾಡಿದರೆ, ಮುಂದೆ ಯಂತ್ರಕ್ಕೆ ಆಜ್ಞೆ ಕೊಡುವಾಗ ಆ ತಪ್ಪನ್ನು ಮೊದಲೇ ಕಳೆದು ಕೊಡಬಹುದು. ೨೧ ಸೆಂಟಿಮೀಟರ್ ಉದ್ದದ ಅಲೆಗಳನ್ನು ಹಿಡಿಯುವಾಗ ಈ ಬೋಗುಣಿಯ ನೋಟ ಸುಮಾರು ೨೪ ಕಲೆ ಅಗಲ. ೧೨ ಕಲೆ ತಪ್ಪಿ ನೋಡಿದರೆ ಬರುವ ಸಂಕೇತ ಅರ್ಧಕ್ಕಿಳಿಯುತ್ತದೆ. ಉದ್ದದ ಅಲೆಗಳಲ್ಲಿ ನೋಟ ಅಂಶಗಟ್ಟಲೆ ಅಗಲವಾಗುವುದರಿಂದ ಅಷ್ಟೇ ತಪ್ಪು ಲೆಕ್ಕಕ್ಕೆ ಬಾರದು.

ಬೆಳಕಿನ ದೂರದರ್ಶಕಗಳಿಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಮಾತೆಲ್ಲ ವಿಕಲೆಗಳದು. ಒಂದು ರೂಪಾಯಿಯ ನಾಣ್ಯವನ್ನು ಮುಂಬ್ರಾದಲ್ಲಿ ಹಿಡಿದು ದಿವಾ ಸ್ಟೇಷನ್ನಿಗೂ ಆಚೆ, ನಾಲ್ಕೂವರೆ ಕಿಲೋಮೀಟರ್ ದೂರದಿಂದ ನೋಡಿದರೆ ಎಷ್ಟೋ ಅಷ್ಟು, ಒಂದು ವಿಕಲೆ. ಅಮೇರಿಕೆಯ ಪಾಲೊಮಾರ್ ಬೆಟ್ಟದ ಮೇಲೆ ೧೯೪೮ರಲ್ಲಿ ಉದ್ಘಾಟನೆಯಾದ ೨೦೦ ಅಂಗುಲದ ದೂರದರ್ಶಕಕ್ಕೆ, ಎಷ್ಟು ಉಕ್ಕು ಸುರಿದರೂ ಬಾಗದ ಕೊಳವೆ ಮಾಡಲು ಸಾಧ್ಯವಿರಲಿಲ್ಲ. ಮಾರ್ಕ್ ಸೆರೂರಿಯೆ ಎಂಬ ತರುಣ ಎಂಜಿನಿಯರ್ ಬಾಗುವುದನ್ನು ತಡೆಯುವ ಗೋಜಿಗೇ ಹೋಗಲಿಲ್ಲ. ಕೊಳವೆಯ ಬದಲು ತ್ರಿಕೋನದ ತೊಲೆಗಳನ್ನಿಟ್ಟು, ಕೆಳಗಿನ ಕನ್ನಡಿಯೂ ಮೇಲಿನ ತುದಿಯೂ ಒಂದೇ ಅಳತೆಯಲ್ಲಿ, ಓರೆಯಾಗದೆ ಜೋಲುವಂತೆ ಮಾಡಿದ. ಎರಡೂ ಸಮನಾಗಿ ಇಳಿದರೆ ಪರಸ್ಪರ ನೋಟ ತಪ್ಪುವುದಿಲ್ಲ. ಈ ಮನುಷ್ಯನಿಗೆ ಮುಂದೆ ೧೯೭೯ರ ಆಸ್ಕರ್ ಕೂಡ ಬಂತು, ಅದು ದೂರದರ್ಶಕಕ್ಕಲ್ಲ. ಸಿನೆಮಾ ಸಂಕಲನ ಮಾಡುವ ಮೂವಿಯೋಲಾ ಯಂತ್ರಕ್ಕೆ, ಅದನ್ನು ಕಂಡುಹಿಡಿದ ತಂದೆಯ ಹೆಸರಿನೊಡನೆ. ಮುಂಬಯಿಯ ನೀರು ಕುಡಿದವರಿಗೆ ಈ ಸಂಗತಿ ರುಚಿಸೀತೆಂದು ಹೇಳಿದೆವು.

ಆ ಮೇಲೂ ಉಳಿಯುವ ತಪ್ಪಿಗೆ ಗಣಿತವೇ ಮದ್ದು. ಆಸ್ಟ್ರೇಲಿಯದಲ್ಲಿ ೧೯೭೪ರಲ್ಲಿ ಉದ್ಘಾಟನೆಯಾದ ೩.೯ ಮೀಟರಿನ ಆಂಗ್ಲೋ-ಆಸ್ಟ್ರೇಲಿಯನ್ ದೂರದರ್ಶಕದಲ್ಲಿ ಪ್ಯಾಟ್ರಿಕ್ ವಾಲೇಸ್ ಮುಂತಾದವರು ಕಂಪ್ಯೂಟರಿನಿಂದ ಈ ಕೆಲಸವನ್ನು ಒಂದು ಶಾಸ್ತ್ರವನ್ನಾಗಿ ಮಾಡಿದರು. ಗೊತ್ತಿರುವ ಹತ್ತಾರು ನಕ್ಷತ್ರಗಳಿಗೆ ಗುರಿಯಿಟ್ಟು, ಪ್ರತಿಯೊಂದರ ತಪ್ಪನ್ನೂ ಬರೆದುಕೊಳ್ಳುವುದು. ಗಾಳಿಯ ಪದರ ಬೆಳಕನ್ನು ಬಗ್ಗಿಸಿ ನಕ್ಷತ್ರವನ್ನು ಇರುವುದಕ್ಕಿಂತ ಎತ್ತರ ತೋರಿಸುತ್ತದಷ್ಟೆ, ದಿಗಂತದಲ್ಲಿ ಅದೇ ೩೪ ಕಲೆಯಷ್ಟಾಗುತ್ತದೆ. ಅದನ್ನು ಮೊದಲೇ ಕಳೆಯುವುದು. ಉಳಿದುದರಲ್ಲಿ ಅಚ್ಚು ವಾಲಿದ್ದು ಎಷ್ಟು, ಎರಡು ಅಚ್ಚುಗಳು ಲಂಬವಾಗಿಲ್ಲದ್ದು ಎಷ್ಟು, ಕೊಳವೆ ಜೋತದ್ದು ಎಷ್ಟು ಎಂದು ಬೇರೆ ಬೇರೆ ಖಾತೆಗೆ ಹಾಕುವುದು. ಪ್ರತಿ ತಪ್ಪಿಗೂ ಅದರದೇ ಒಂದು ನಡೆ ಇದೆ. ಜೋಲಿನ ನಡೆ ಬಿದಿರು ಗಳದಂತೆ, ದಿಗಂತದಲ್ಲಿ ಪೂರ್ತಿ, ನೆತ್ತಿಯ ಮೇಲೆ ಸೊನ್ನೆ, ೬೦ ಅಂಶದ ಎತ್ತರದಲ್ಲಿ ಸರಿಯಾಗಿ ಅರ್ಧ. ಕಚೇರಿಯಲ್ಲಿ ತಾಳೆಯಾಗದ ರಕಮುಗಳನ್ನು ಇಟ್ಟುಕೊಂಡು ರಾತ್ರಿ ಏಳರವರೆಗೆ ಕೂತವರಿಗೆ ಈ ವಿಧಾನ ಕಂಡು ಕಣ್ಣು ತುಂಬಿ ಬರಬೇಕು.

ಈ ಲೆಕ್ಕ ಇಲ್ಲದಿದ್ದರೆ ನಮ್ಮ ಹೊಸಕೋಟೆಯವರ ಗತಿಯೇನು? ಲಡಾಖಿನ ಹಾನ್ಲೆಯಲ್ಲಿ ಸಮುದ್ರಮಟ್ಟದಿಂದ ೪,೫೦೦ ಮೀಟರ್ ಎತ್ತರದಲ್ಲಿ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದು ಮೊದಲ ಬೆಳಕು ಕಂಡದ್ದು ೨೦೦೦ದಲ್ಲಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಕೂತು, ಉಪಗ್ರಹದ ಮೂಲಕ ಅದನ್ನು ತಿರುಗಿಸುತ್ತಾರೆ. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರ. ಫೈಂಡರಿನಲ್ಲಿ ಕಣ್ಣಿಟ್ಟು ‘ಸ್ವಲ್ಪ ಎಡಕ್ಕೆ’ ಎನ್ನಲು ಅಲ್ಲಿ ಹೊಸಕೋಟೆಯವರ ಕಣ್ಣಿಲ್ಲ. ಉಕ್ಕು ಎಷ್ಟು ಬಾಗುವುದೆಂಬ ಪಟ್ಟಿಯನ್ನು ನಂಬಿಯೇ ನಕ್ಷತ್ರವನ್ನು ಹಿಡಿಯಬೇಕು.

ಖೋಡದದಿಂದ ಮರಳಿದ ಮೇಲೆ ನಮ್ಮ ಗಚ್ಚಿಯಲ್ಲೂ ಪಟ್ಟಿ ಶುರುವಾಯಿತು. ಹುಡುಗನ ಕೈಯಲ್ಲಿ ನೋಟುಬುಕ್ಕು, ನಮ್ಮ ಕೈಯಲ್ಲಿ ಗಡಿಯಾರ. ಮೊದಲು ಕಣ್ಣುಗಾಜಿನ ಅಗಲವನ್ನೇ ಅಳೆದೆವು. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರಗಳಲ್ಲಿ ಮೊದಲು ಮೂಡುವುದು ಆಕಾಶದ ನಡುಗೆರೆಯ ಮೇಲೆಯೇ ಇದೆ ಎನ್ನಬಹುದು. ಕೊಳವೆಯನ್ನು ಅಲುಗಿಸದೆ ಬಿಟ್ಟರೆ ಅದು ನಿಮಿಷಕ್ಕೆ ೧೫ ಕಲೆಯಂತೆ ಸರಿದು ಹೋಗುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದು ನಿಮಿಷ ನಾಲ್ವತ್ತು ಸೆಕೆಂಡು ಹಿಡಿಯಿತು, ಅಂದರೆ ೨೫ ಕಲೆ. ಅನಂತರ ೨೦, ೪೦, ೬೦, ೮೦ ಅಂಶದ ಎತ್ತರಗಳಲ್ಲಿ ಒಂದೊಂದು ನಕ್ಷತ್ರವನ್ನು ಫೈಂಡರಿನ ಗೆರೆಗೆ ತಂದು, ದೊಡ್ಡದರಲ್ಲಿ ಎಷ್ಟು ಸರಿದಿದೆ ಎಂದು ಬರೆದೆವು. ಅಗಲದ ಗಾಜು ಈ ಸಲ ಡಬ್ಬಿಯಿಂದ ಹೊರಗೆ ಬಂದಿತ್ತು.

ಅಂಕಿಗಳು ಮೊದಲು ನಮ್ಮನ್ನು ಆಟವಾಡಿಸಿದವು. ಕೊಳವೆಯನ್ನು ಕೆಳಗಿನಿಂದ ಎತ್ತುತ್ತ ಹೋದಾಗ ೪೦ರಲ್ಲಿ ಒಂದು ಅಂಕಿ, ಮೇಲಿನಿಂದ ಇಳಿಸುತ್ತ ಬಂದಾಗ ಅದೇ ೪೦ರಲ್ಲಿ ಬೇರೆ ಅಂಕಿ. ಇದು ಬಾಗುವುದಲ್ಲ, ಸಡಿಲು, ಎಂದರು ಅಜ್ಜ. ಬಾಗಿದ್ದು ಭಾರ ತೆಗೆದರೆ ತನ್ನ ಜಾಗಕ್ಕೆ ಮರಳುತ್ತದೆ, ಸಡಿಲಾದದ್ದು ಎಲ್ಲಿ ಬಿದ್ದಿತೋ ಅಲ್ಲಿಯೇ ಇರುತ್ತದೆ. ಅದಕ್ಕೆ ಯಾವ ಪಟ್ಟಿಯೂ ಹೊಂದುವುದಿಲ್ಲ. ಸ್ನೇಹಿತರಿಗೆ ಫೋನು ಮಾಡಿ ಅಪ್ಪಣೆ ಪಡೆದು ತಳ ಬಿಚ್ಚಿದರೆ, ಕನ್ನಡಿಯನ್ನು ಹಿಡಿದ ಚಿಮ್ಮಟಗಳು ಸಡಿಲವಾಗಿ ಕನ್ನಡಿ ಒಳಗೆ ಹೊರಳಾಡುತ್ತಿತ್ತು. ಬಿಗಿದು ಕಟ್ಟುವಂತೆಯೂ ಇಲ್ಲ, ಹಿಂಡಿದರೆ ಕನ್ನಡಿಯ ಆಕಾರ ಕೆಟ್ಟು ನಕ್ಷತ್ರಕ್ಕೆ ಕೋಡು ಮೂಡುತ್ತದೆ. ಒಂದು ತೆಳು ಕಾಗದ ತೂರುವಷ್ಟು ಎಡೆ ಬಿಟ್ಟು ಅಜ್ಜ ತಿರುಪು ಹಾಕಿದರು. ಆ ರಾತ್ರಿ ಏರುವಾಗಲೂ ಇಳಿಯುವಾಗಲೂ ಅಂಕಿ ಒಂದೇ. ೨೦ರಲ್ಲಿ ಹೊಂದಿಸಿದ್ದು ೪೦ಕ್ಕೆ ಎರಡು ಕಲೆ, ೬೦ಕ್ಕೆ ನಾಲ್ಕೂವರೆ, ೮೦ಕ್ಕೆ ಏಳೂವರೆ ತಪ್ಪುತ್ತದೆ. ಬಿದಿರು ಗಳದ ನಡೆಯೇ.

ದುರ್ಬೀನು ಇಟ್ಟುಕೊಂಡ ವಾಚಕರಿಗೆ ಇಷ್ಟು ಹೇಳಬಹುದು. ಫೈಂಡರನ್ನು ಟವರಿ‌ಗೋ ದೂರದ ದೀಪಕ್ಕೋ ಹೊಂದಿಸಬೇಡಿ. ಕತ್ತಲಾದ ಮೇಲೆ, ನೋಡಲಿರುವ ಗ್ರಹದ ಎತ್ತರದಲ್ಲೇ ಇರುವ ಒಂದು ನಕ್ಷತ್ರಕ್ಕೆ ಹೊಂದಿಸಿ. ಇಡೀ ಆಕಾಶ ಸುತ್ತಬೇಕಾದರೆ ನಡು ಎತ್ತರದಲ್ಲಿ ಹೊಂದಿಸಿದರೆ ತಪ್ಪು ಎರಡೂ ಕಡೆ ಹಂಚಿಹೋಗುತ್ತದೆ. ಮೊದಲು ಅಗಲದ ಗಾಜು, ಆಮೇಲೆ ಹಿಗ್ಗಿಸುವ ಗಾಜು.

ಕಾರ್ಯಕ್ರಮವನ್ನು ಮತ್ತೆ ಮಾಡಿದೆವು. ಈ ಸಲ ಕೊಳವೆಯ ಹತ್ತಿರ ಹುಡುಗನೇ ನಿಂತಿದ್ದ, ಸಾಲಿನ ಮೇಲ್ವಿಚಾರಣೆ ನಮ್ಮದು. ಪಟ್ಟಿಯನ್ನು ಕನ್ನಡ ಅಂಕಿಗಳಲ್ಲಿ ಬರೆದು ಕೊಳವೆಗೆ ಅಂಟಿಸಿಕೊಂಡಿದ್ದ. ಗುರು ಮತ್ತು ಅದರ ನಾಲ್ಕು ಚಂದ್ರರನ್ನು ಇಪ್ಪತ್ತೆರಡು ಮಕ್ಕಳೂ, ಹಿಂದಿನ ಸಲ ಬಾಗಿಲಲ್ಲೇ ನಿಂತಿದ್ದ ಅವನ ತಾಯಿಯೂ ನೋಡಿದರು. ಹುಡುಗನ ಮೇಲೆ ಹೊರಿಸಿದ್ದ ತಪ್ಪು ಯಾರದೆಂದು ಚುರುಮುರಿ ಹಂಚುವ ಮೊದಲು ಎಲ್ಲರೆದುರಿಗೆ ಹೇಳಿದೆವು. ಬೈದದ್ದು ಎಲ್ಲರೆದುರಿಗಾಗಿತ್ತಲ್ಲ.

ಮರುವಾರ ದುರ್ಬೀನು ಡೊಂಬಿವಲಿಗೆ ಮರಳಿತು. ಎರಡು ದಿನಕ್ಕೆ ಸ್ನೇಹಿತರ ಫೋನು ಬಂತು. “ಕೊಳವೆಗೆ ಯಾರೋ ಒಂದು ಚೀಟಿ ಅಂಟಿಸಿದ್ದಾರಲ್ಲ, ನಾಲ್ಕು ಅಂಕಿ ಇವೆ, ಕಿತ್ತು ಒರೆಸಿಬಿಡಲೇ?”

ಕೀಳಬೇಡಿ ಎಂದೆವು.